ಹತ್ತರಲ್ಲಿ ಆರು ಸಲ ಸೋತರೂ ಶ್ರೇಷ್ಠರೇ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಆಟಗಾರ ಟೆಡ್ ವಿಲಿಯಮ್ಸ್ ಅವರ 1941ರ 0.406 ಬ್ಯಾಟಿಂಗ್ ಸರಾಸರಿಯನ್ನು ಇಂದಿಗೂ ಕೊಂಡಾಡುತ್ತಾರೆ. ಹತ್ತರಲ್ಲಿ ಆರು ಸಲ ವಿಫಲರಾದವರನ್ನು ಇಷ್ಟು ಹೊಗಳುವುದೇಕೆ?

ಉತ್ತರ: ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಅನುಮಾನ ಸಹಜ. ‘ಸರಾಸರಿ’ ಎಂಬ ಪದ ಒಂದೇ ಆದರೂ ಲೆಕ್ಕ ಬೇರೆ. ನಾವು ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಅವರು, ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ತಲುಪಿದ್ದು, ಅಂದರೆ ‘ಹಿಟ್’, ಎಷ್ಟು ಸಲ ಎಂಬುದನ್ನು ಹೊಡೆಯಲು ಸಿಕ್ಕ ಅವಕಾಶಗಳಿಂದ ಭಾಗಿಸುತ್ತಾರೆ. ಅಲ್ಲಿ 0.300 ಬಂದರೆ ಒಳ್ಳೆಯ ಹೊಡೆತಗಾರ ಎಂದೇ ಅರ್ಥ.

ಹೊಡೆಯುವುದಾದರೂ ಸುಲಭವೇ? ಕ್ರಿಕೆಟ್ ಬ್ಯಾಟಿಗೆ 4.25 ಇಂಚಿನವರೆಗೆ ಚಪ್ಪಟೆ ಮುಖವಿರಬಹುದು. ಬೇಸ್‌ಬಾಲ್ ಬ್ಯಾಟ್ ಒನಕೆಯ ಹಾಗೆ ದುಂಡಗೆ. ಇಂದಿನ ನಿಯಮದಂತೆ ಅದರ ದಪ್ಪ 2.61 ಇಂಚು ಮೀರುವಂತಿಲ್ಲ. ಪಿಚರ್ 60 ಅಡಿ 6 ಇಂಚು ದೂರದಿಂದ ಎಸೆದ ವೇಗದ ಚೆಂಡು ನೆಲಕ್ಕೆ ತಾಗದೆ ಅರ್ಧ ಸೆಕೆಂಡಿನೊಳಗೆ ಎದುರಿಗಿರುತ್ತದೆ. ತಡೆದು ನಿಂತು ದಿನ ದೂಡುವ ಆಟವಲ್ಲ ಅದು. ಹೊಡೆದ ಚೆಂಡು ಅಂಕಣದೊಳಗೆ ಬಿತ್ತೋ, ಓಡಲೇಬೇಕು.

ಹಾಗೆಂದು ಬಿಡುವುದಕ್ಕೆ ಬೆಲೆಯಿಲ್ಲವೆಂದಲ್ಲ. ಸ್ಟ್ರೈಕ್ ವಲಯದ (ಹೊಡೆತಗಾರನ ಮುಂದೆ, ಮೊಣಕಾಲಿನಿಂದ ಎದೆಯವರೆಗಿನ ಕಲ್ಪಿತ ಚೌಕಟ್ಟು) ಹೊರಗೆ ಹೋದ ನಾಲ್ಕು ಎಸೆತಗಳನ್ನು ಬಿಟ್ಟವರಿಗೆ ಮೊದಲ ಬೇಸ್ ಪುಕ್ಕಟೆ. ಅದನ್ನು ‘ವಾಕ್’ ಎನ್ನುತ್ತಾರೆ; ಸರಾಸರಿಯಲ್ಲಿ ಅದು ಸೇರುವುದಿಲ್ಲ. 1941ರಲ್ಲಿ ವಿಲಿಯಮ್ಸ್ ಅವರಿಗೆ ಇಂಥ 147 ವಾಕ್ ಸಿಕ್ಕವು. ಅವನ್ನೂ ಸೇರಿಸಿದರೆ ನೂರಕ್ಕೆ 55 ಸಲ ಅವರು ಬೇಸ್ ಮುಟ್ಟಿದ್ದರು. ಆದ್ದರಿಂದ ‘ಆರು ಸಲ ವಿಫಲ’ ಎಂಬ ನಿಮ್ಮ ಲೆಕ್ಕವೂ ಪೂರ್ತಿ ಸರಿಯಲ್ಲ!

ಈ ತಾಳ್ಮೆಯ ಹಿಂದೆ ಗಣಿತವಿತ್ತು. ಸ್ಟ್ರೈಕ್ ವಲಯವನ್ನು 77 ಚೆಂಡುಗಳ ಚಿತ್ರವಾಗಿ ಬಿಡಿಸಿ, ಯಾವ ಜಾಗದ ಚೆಂಡನ್ನು ಹೊಡೆದರೆ ತಮ್ಮ ಸರಾಸರಿ ಎಷ್ಟಾದೀತು ಎಂದು ಅವರು ಮುಂದೆ ಬರೆದಿಟ್ಟರು. ನಡುವಿನ ಚೆಂಡಿಗೆ 0.400, ಹೊರಗಿನ ಕೆಳಮೂಲೆಯದಕ್ಕೆ ಬರೀ 0.230. ಆ ಮೂಲೆಯ ಚೆಂಡಿಗೆ ಆಸೆಪಟ್ಟು ಬ್ಯಾಟ್ ಬೀಸಿದರೆ ಮಹಾ ಆಟಗಾರನೂ ಸಾಧಾರಣನಾಗುತ್ತಾನೆ.

ಇನ್ನು 0.406ರ ಕಥೆ. 1941ರ ಸೆಪ್ಟೆಂಬರ್ 28, ಋತುವಿನ ಕೊನೆಯ ದಿನ. ಬಾಸ್ಟನ್ ರೆಡ್ ಸಾಕ್ಸ್ ತಂಡಕ್ಕೆ ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಪಂದ್ಯ. 23 ವರ್ಷದ ವಿಲಿಯಮ್ಸ್ 448 ಅವಕಾಶಗಳಲ್ಲಿ 179 ಹಿಟ್ ಗಳಿಸಿದ್ದರು. ಸರಾಸರಿ 0.39955. ದಾಖಲೆಯಲ್ಲಿ ಇದು 0.400 ಎಂದೇ ಸೇರುತ್ತಿತ್ತು. ಆಡದೆ ಕೂತಿದ್ದರೆ ಸಾಕಿತ್ತು. ಬೇಕಾದರೆ ಕೂರು ಎಂದು ಮ್ಯಾನೇಜರ್ ಜೋ ಕ್ರೋನಿನ್ ಹೇಳಿಯೂ ಇದ್ದರು. ವಿಲಿಯಮ್ಸ್ ಒಪ್ಪಲಿಲ್ಲ. ಮೊದಲ ಪಂದ್ಯದಲ್ಲಿ ಐದರಲ್ಲಿ ನಾಲ್ಕು, ಎರಡನೆಯದರಲ್ಲಿ ಮೂರರಲ್ಲಿ ಎರಡು ಹಿಟ್. ಮೊದಲ ಪಂದ್ಯದ ನಂತರವಾದರೂ ನಿಲ್ಲಿಸಬಹುದಿತ್ತಲ್ಲ! ಅಷ್ಟಾಗಿಯೂ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೋದದ್ದು ಸತತ 56 ಪಂದ್ಯಗಳಲ್ಲಿ ಹಿಟ್ ಗಳಿಸಿದ ಜೋ ಡಿಮ್ಯಾಜಿಯೊ ಅವರಿಗೆ.

ಮುಂದೆ ಅವರ ಆಟವನ್ನು ಯುದ್ಧ ಎರಡು ಸಲ ನುಂಗಿತು. 1943ರಿಂದ 45ರವರೆಗೆ ಮೂರು ಋತುಗಳು ಪೂರ್ತಿ ಹೋದವು. ಆಮೇಲೆ ಕೊರಿಯಾ ಯುದ್ಧ. ಅಲ್ಲಿ 39 ಬಾರಿ ಯುದ್ಧವಿಮಾನ ಹಾರಿಸಿದರು. 1953ರ ಫೆಬ್ರುವರಿಯಲ್ಲಿ ಗುಂಡೇಟು ತಿಂದು ಹೊತ್ತಿಕೊಂಡ ವಿಮಾನವನ್ನು ಚಕ್ರ ಬಿಚ್ಚದೆ ನೆಲಕ್ಕೆ ಉಜ್ಜಿ ಇಳಿಸಿ ಬದುಕಿ ಬಂದರು. ಇಷ್ಟು ವರ್ಷ ಕಳೆದುಕೊಂಡೂ 521 ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ). ಕೊನೆಯದು 1960ರಲ್ಲಿ, ಅವರ ಕಟ್ಟಕಡೆಯ ಹೊಡೆತದಲ್ಲಿ ಬಂತು. ತಾರೀಖು ಮತ್ತೆ ಸೆಪ್ಟೆಂಬರ್ 28. ಬಾಸ್ಟನ್ ಪ್ರೇಕ್ಷಕರು ಎದ್ದು ನಿಂತು ಕೂಗಿದರೂ ವಂದನೆಗೆಂದು ಟೋಪಿ ಎತ್ತಲಿಲ್ಲ. ಬಿಗುಮಾನದ ಮನುಷ್ಯ.

ಒಂದು ತಿದ್ದುಪಡಿ. ‘0.400 ಮುಟ್ಟಿದ ಕೊನೆಯವರು ವಿಲಿಯಮ್ಸ್’ ಎಂದು ಎಲ್ಲೆಡೆ ಬರೆಯುತ್ತಾರೆ. ವರ್ಣಭೇದದಿಂದ ಹೊರಗಿಟ್ಟಿದ್ದ ಕಪ್ಪು ಆಟಗಾರರ ಲೀಗ್‌ಗಳ ಅಂಕಿಗಳು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಜೋಶ್ ಗಿಬ್ಸನ್ 1943ರಲ್ಲಿ 0.466 ಹೊಡೆದಿದ್ದಾರೆ. 1966ರಲ್ಲಿ ಬೇಸ್‌ಬಾಲ್ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುತ್ತ, ಅವಕಾಶ ಸಿಗದ ಕಪ್ಪು ಆಟಗಾರರಿಗೂ ಇಲ್ಲಿ ಜಾಗ ಸಿಗಬೇಕು ಎಂದು ವಿಲಿಯಮ್ಸ್ ಕೇಳಿದ್ದರು. ಅಂದು ಅವರು ಹೆಸರಿಸಿದ ಇಬ್ಬರಲ್ಲಿ ಒಬ್ಬರು ಇದೇ ಗಿಬ್ಸನ್.