ರೆಡ್ ಬುಲ್‌ನ ಎರಡನೇ ಸೀಟು: ಪೆರೆಜ್‌ರನ್ನು ಉಳಿಸಿಕೊಂಡ ನಿರ್ಧಾರದ ಹಿನ್ನೆಲೆ

2024ರ ಜೂನ್ 4ರಂದು ಫಾರ್ಮುಲಾ ಒನ್ ಕಾರ್ ರೇಸಿಂಗ್‌ನ ರೆಡ್ ಬುಲ್ ತಂಡ ತನ್ನ ಇಬ್ಬರು ಚಾಲಕರಲ್ಲಿ ಎರಡನೆಯವರಾದ ಸರ್ಗಿಯೊ ಪೆರೆಜ್ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿತು. ಜುಲೈ ಕೊನೆಗೆ, ಬೇಸಿಗೆ ಬಿಡುವಿನ ಹೊತ್ತಿನಲ್ಲಿ, ಅವರನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ಮತ್ತೆ ಕೂತು ಚರ್ಚಿಸಿ, ಇಟ್ಟುಕೊಳ್ಳುವುದೆಂದು ತೀರ್ಮಾನಿಸಿತು. ಡಿಸೆಂಬರ್ 18ಕ್ಕೆ ಎರಡೂ ಕಡೆಯವರು ಬೇರೆಯಾದರು. ಇದನ್ನು 34 ವರ್ಷದ ಚಾಲಕನೊಬ್ಬನ ಫಾರ್ಮ್ ಕೈಕೊಟ್ಟ ಕಥೆ ಎಂದಷ್ಟೇ ನೋಡಿದರೆ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧ ಕಾರಿನಲ್ಲಿದೆ.

ಸೀಟಿನ ಹಳೆಯ ಲೆಕ್ಕ ಇಷ್ಟು: ಮಾರ್ಕ್ ವೆಬರ್ 2013ರ ಕೊನೆಗೆ ಫಾರ್ಮುಲಾ ಒನ್ ಬಿಟ್ಟರು, ಡೇನಿಯಲ್ ರಿಕಾರ್ಡೊ 2018ರ ಬಳಿಕ ರೆನೋಗೆ ಹೋದರು, ಪಿಯರ್ ಗ್ಯಾಸ್ಲಿ 12 ರೇಸ್‌ಗಳಲ್ಲೇ ಜಾಗ ಕಳೆದುಕೊಂಡರು, ಅಲೆಕ್ಸ್ ಆಲ್ಬನ್ ಒಂದೂವರೆ ಸೀಸನ್ ಉಳಿದರು. ತಾನೇ ಬೆಳೆಸಿದ ಇಬ್ಬರು ಎಳೆಯರು ತಂಡದ ಮೊದಲ ಚಾಲಕ ಮ್ಯಾಕ್ಸ್ ವರ್ಸ್ಟಾಪೆನ್ ಪಕ್ಕದಲ್ಲಿ ಸೋತ ಮೇಲೆ ತಂಡ ಹೊರಗಿನಿಂದ ಅನುಭವಿಯನ್ನು ತಂದಿತು. ರೇಸಿಂಗ್ ಪಾಯಿಂಟ್ ಕೈಬಿಟ್ಟಿದ್ದ ಪೆರೆಜ್, 2020ರ ಸಾಖಿರ್ ರೇಸಿನ ಮೊದಲ ಸುತ್ತಿನಲ್ಲಿ ಕೊನೆಗೆ ಬಿದ್ದೂ ಗೆದ್ದಿದ್ದರು. ಟೈರ್ ಉಳಿಸಿ ಓಡಿಸುವುದರಲ್ಲಿ ಅವರದು ಪಳಗಿದ ಕೈ.

ಎರಡನೇ ಕಾರಿನಿಂದ ತಂಡಕ್ಕೆ ಬೇಕಾದದ್ದು ಗೆಲುವಲ್ಲ, ಟ್ರ್ಯಾಕ್ ಮೇಲೆ ಮುಂದಿನವರ ಹತ್ತಿರ ಒಂದು ಜಾಗ. ಟೈರ್ ಬದಲಿಸಲು ಪಿಟ್‌ಗೆ ಹೋಗಿ ಬರಲು ಸಾಮಾನ್ಯವಾಗಿ 20 ಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಎರಡನೇ ಕಾರು ಮುಂಚೂಣಿಯಿಂದ ಅಷ್ಟು ದೂರದೊಳಗಿದ್ದರೆ ಎದುರಾಳಿ ಟೈರ್ ಬದಲಿಸಿ ಅದರ ಹಿಂದೆ ಸಿಕ್ಕಿಬೀಳಬೇಕಾಗುತ್ತದೆ. ಅದು ಬೇಗ ಪಿಟ್‌ಗೆ ಬಂದು ಅಂಡರ್‌ಕಟ್‌ನ (ಮೊದಲೇ ಹೊಸ ಟೈರ್ ಹಾಕಿ, ಅದರ ವೇಗದಿಂದ ಎದುರಾಳಿಯನ್ನು ಹಿಂದೆ ಹಾಕುವುದರ) ಬೆದರಿಕೆ ಹಾಕಿದರೆ ಎದುರಾಳಿ ತನ್ನ ಲೆಕ್ಕ ಬಿಟ್ಟು ಪ್ರತಿಕ್ರಿಯಿಸಲೇಬೇಕು. 2021ರ ಅಬುಧಾಬಿಯಲ್ಲಿ ಪೆರೆಜ್ ಹಳೆಯ ಟೈರ್‌ಗಳಲ್ಲೇ ವರ್ಸ್ಟಾಪೆನ್‌ರ ಪ್ರಶಸ್ತಿ ಎದುರಾಳಿ ಲೂಯಿಸ್ ಹ್ಯಾಮಿಲ್ಟನ್‌ರನ್ನು ತಡೆದು ಸುಮಾರು ಏಳು ಸೆಕೆಂಡ್ ಕಳೆಯುವಂತೆ ಮಾಡಿದರು. ಆ ಸೆಕೆಂಡುಗಳಿಲ್ಲದಿದ್ದರೆ ಕೊನೆಯ ಸುತ್ತಿನಲ್ಲಿ ಹ್ಯಾಮಿಲ್ಟನ್‌ರನ್ನು ದಾಟುವ ಅವಕಾಶ ವರ್ಸ್ಟಾಪೆನ್‌ಗೆ ಸಿಗುವುದು ಕಷ್ಟವಿತ್ತು. ಆದರೆ ರೇಸಿನ ಆರಂಭದ ಸ್ಥಾನ ನಿರ್ಧರಿಸುವ ಅರ್ಹತಾ ಸುತ್ತಿನ ಮೊದಲ 18 ನಿಮಿಷದಲ್ಲೇ ಹೊರಬಿದ್ದು 16ನೇ ಸ್ಥಾನದಿಂದ ಹೊರಡುವ ಕಾರಿಗೆ ಈ ಯಾವ ಕೆಲಸವೂ ಆಗದು. ಮುಂದಿನ ಕಾರುಗಳ ಕದಡಿದ ಗಾಳಿಯಲ್ಲಿ ಟೈರ್ ಕಾದು, ಅರ್ಧ ರೇಸ್ ಅಲ್ಲೇ ಮುಗಿಯುತ್ತದೆ.

ಹಾಗಾದರೆ ಪೆರೆಜ್ ಅಲ್ಲಿಗೆ ಇಳಿದದ್ದು ಹೇಗೆ? 2022ರ ಹೊಸ ನಿಯಮದ ಮೊದಲ ಕಾರು ತೂಕದಲ್ಲಿ ಹೆಚ್ಚಿತ್ತು, ತಿರುವಿನಲ್ಲಿ ಮೂತಿ ತಡವಾಗಿ ತಿರುಗುತ್ತಿತ್ತು. ಅದು ಪೆರೆಜ್‌ಗೆ ಒಗ್ಗಿತು, ಮೊನಾಕೊ ಗೆದ್ದರು. ತೂಕ ಇಳಿದಂತೆ, ಅಭಿವೃದ್ಧಿ ಮುಂದುವರಿದಂತೆ ಮುಂಭಾಗದ ಹಿಡಿತ ಹೆಚ್ಚಿತು. ವರ್ಸ್ಟಾಪೆನ್‌ಗೆ ಬೇಕಾದದ್ದೂ ಅದೇ: ಬ್ರೇಕ್ ಒತ್ತಿರುವಾಗಲೇ ಮೂತಿ ಒಳಗೆ ನುಗ್ಗಬೇಕು, ಹಿಂಭಾಗ ಸ್ವಲ್ಪ ಜಾರಿದರೂ ಅವರು ಸಂಭಾಳಿಸುತ್ತಾರೆ. ಹಿಂಬದಿ ಗಟ್ಟಿಯಾಗಿ ಕೂರದ ಕಾರನ್ನು ಪೆರೆಜ್ ನಂಬಲಾರರು. ಮುಂದಿನ ವಿಂಗ್‌ನ ಕೋನ ಇಳಿಸಿದರೆ ಹಿಂಭಾಗ ನೆಲೆ ನಿಲ್ಲುತ್ತದೆ, ಆದರೆ ನಿಧಾನದ ತಿರುವುಗಳಲ್ಲಿ ಮೂತಿ ಹೊರಗೆ ಹೋಗುತ್ತದೆ, ಮುಂದಿನ ಟೈರ್‌ಗಳು ಉಜ್ಜಿ ಸವೆಯುತ್ತವೆ. ಏರಿಸಿದರೆ ವೇಗದ ತಿರುವಿನಲ್ಲಿ ಬಾಲ ತಪ್ಪುತ್ತದೆ. ಶುಕ್ರವಾರದ ಅಭ್ಯಾಸವೆಲ್ಲ ಈ ಹುಡುಕಾಟದಲ್ಲೇ ಕಳೆದರೆ ಶನಿವಾರ ಚಾಲಕನಿಗೆ ಕಾರಿನ ಮಿತಿಯೇ ಗೊತ್ತಿರುವುದಿಲ್ಲ. 2023ರಲ್ಲಿ ಮೊನಾಕೊದಿಂದ ಸಿಲ್ವರ್‌ಸ್ಟೋನ್‌ವರೆಗೆ ಸತತ ಐದು ರೇಸ್‌ಗಳ ಅರ್ಹತಾ ಸುತ್ತಿನಲ್ಲಿ ಅವರು ಅಂತಿಮ ಹತ್ತರೊಳಗೆ ಬರಲಿಲ್ಲ. ಆ ವರ್ಷ 22ರಲ್ಲಿ 21 ರೇಸ್ ಗೆದ್ದ ತಂಡಕ್ಕೆ ಅದು ಎಚ್ಚರಿಕೆಯಾಗಿ ಕಾಣದೇ ಹೋದದ್ದು ಸಹಜ.

2024ರ ಅಂಕಗಳನ್ನು ಬಿಡಿಸಿ ನೋಡಬೇಕು. ಮೊದಲ ಆರು ರೇಸ್‌ಗಳಲ್ಲಿ ಪೆರೆಜ್ 103 ಅಂಕ ಗಳಿಸಿದರು, ವರ್ಸ್ಟಾಪೆನ್ 136. ಇಮೋಲಾದಿಂದ ಸ್ಪಾವರೆಗಿನ ಎಂಟು ರೇಸ್‌ಗಳಲ್ಲಿ ಪೆರೆಜ್ 28, ವರ್ಸ್ಟಾಪೆನ್ 141. ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಕುಸಿತ ಶುರುವಾದ ಮೇಲೆ: ಇಮೋಲಾದಲ್ಲಿ ಎಂಟನೇ ಸ್ಥಾನ, ಮೊನಾಕೊದಲ್ಲಿ ಮೊದಲ ಸುತ್ತಿನಲ್ಲೇ ಅಪಘಾತ ಆಗಿತ್ತು. ಭವಿಷ್ಯದ ಚಿಂತೆ ತಪ್ಪಿಸಿದರೆ ಚಾಲಕ ಸುಧಾರಿಸುತ್ತಾನೆ ಎಂಬುದು ತಂಡದ ಎಣಿಕೆ. ಆ ಎಣಿಕೆಯಲ್ಲಿ ಮನಸ್ಸಿಗೆ ಮದ್ದಿತ್ತು, ಕಾರಿಗೆ ಇರಲಿಲ್ಲ. ಫೆರಾರಿ ಬಿಡಲಿದ್ದ ಕಾರ್ಲೋಸ್ ಸೈಂಜ್ ಆಗಿನ್ನೂ ಯಾರಿಗೂ ಸಹಿ ಹಾಕಿರಲಿಲ್ಲ. ಆ ವರ್ಷ ಆಸ್ಟ್ರೇಲಿಯಾದಲ್ಲಿ ಗೆದ್ದವರು ಅವರು. ಜುಲೈ 29ಕ್ಕೆ ವಿಲಿಯಮ್ಸ್ ಅವರನ್ನು ಕರೆದುಕೊಂಡಿತು.

ಬಿಡುವಿನ ಹೊತ್ತಿಗೆ ಇಬ್ಬರದೂ ಸೇರಿ ತಂಡದ ಬಳಿ 408 ಅಂಕ, ಮೆಕ್‌ಲಾರೆನ್ ಬಳಿ 366. ಸೀಸನ್ ನಡುವೆ ಹೊಸಬನನ್ನು ತಂದರೆ ಅವನೂ ಅದೇ ಕಾರಿಗೆ ಒಗ್ಗಿಕೊಳ್ಳಬೇಕಿತ್ತು. ಹಾಗಾಗಿ ಜುಲೈನ ನಿರ್ಧಾರಕ್ಕಾದರೂ ಒಂದು ತರ್ಕವಿತ್ತು ಎನ್ನಬೇಕು. ಜೂನ್‌ನಲ್ಲಿ ಅವಸರ ಮಾಡಿದ್ದೇ ಹೆಚ್ಚು ದುಬಾರಿಯಾಯಿತು. ಸೆಪ್ಟೆಂಬರ್‌ನಲ್ಲಿ ಮೊಂಜಾದ ಹೊತ್ತಿಗೆ ವರ್ಸ್ಟಾಪೆನ್ ಕೂಡ ಕಾರಿನ ಸಮತೋಲನ ಕೆಟ್ಟಿದೆ ಎಂದು ಬಹಿರಂಗವಾಗಿ ದೂರಿದರು. ಪೆರೆಜ್ ತಿಂಗಳುಗಟ್ಟಲೆ ಹೇಳುತ್ತಿದ್ದದ್ದಕ್ಕೆ ಆಗ ಬೆಲೆ ಬಂತು. ಕಾರಿನ ತಳಭಾಗದಲ್ಲಿ (ಫ್ಲೋರ್) ಬದಲಾವಣೆಗಳು ಬಂದವು, ಆದರೆ ಅಷ್ಟರಲ್ಲಿ ಬಾಕುವಿನಲ್ಲಿ ಮೆಕ್‌ಲಾರೆನ್ ಮುಂದೆ ಹೋಗಿಯಾಗಿತ್ತು. ವರ್ಷಾಂತ್ಯಕ್ಕೆ ಮೆಕ್‌ಲಾರೆನ್ 666, ಫೆರಾರಿ 652, ರೆಡ್ ಬುಲ್ 589. ವರ್ಸ್ಟಾಪೆನ್ 437, ಪೆರೆಜ್ 152. ಮೆಕ್‌ಲಾರೆನ್‌ನ ಎರಡನೇ ಚಾಲಕ ಆಸ್ಕರ್ ಪಿಯಾಸ್ಟ್ರಿ ಒಬ್ಬರೇ 292 ಗಳಿಸಿದ್ದರು. ಎರಡನೇ ಕಾರು 230ರ ಹತ್ತಿರ ಬಂದಿದ್ದರೂ ತಂಡಗಳಿಗೆ ಸಿಗುವ ನಿರ್ಮಾಪಕರ ಪ್ರಶಸ್ತಿ ಕೈಗೆಟುಕುತ್ತಿತ್ತು.

ಮುಂದಿನದು ಬೇಗ ನಡೆಯಿತು. ಪೆರೆಜ್ ಜಾಗಕ್ಕೆ ಬಂದ ಲಿಯಾಮ್ ಲಾಸನ್ 2025ರಲ್ಲಿ ಮೆಲ್ಬರ್ನ್‌ನ ಅರ್ಹತಾ ಸುತ್ತಿನಲ್ಲಿ 18ನೆಯವರಾದರು, ಶಾಂಘೈನಲ್ಲಿ ಚಿಕ್ಕ ಸ್ಪ್ರಿಂಟ್ ರೇಸ್ ಮತ್ತು ಮುಖ್ಯ ರೇಸ್ ಎರಡರ ಅರ್ಹತಾ ಸುತ್ತಿನಲ್ಲೂ ಕೊನೆಯವರಾದರು. ಎರಡೇ ರೇಸ್ ಮುಗಿದ ಮೇಲೆ ಸೀಟು ಯೂಕಿ ಸುನೋಡಾಗೆ ಹೋಯಿತು. ಅವರೂ ವರ್ಷವಿಡೀ ಹಿಂದುಳಿದರು. ಅಬುಧಾಬಿಯ ಕೊನೆಯ ರೇಸಿನಲ್ಲಿ ವರ್ಸ್ಟಾಪೆನ್‌ರ ಪ್ರಶಸ್ತಿ ಎದುರಾಳಿ, ಮೆಕ್‌ಲಾರೆನ್‌ನ ಲ್ಯಾಂಡೊ ನೋರಿಸ್‌ರನ್ನು ತಡೆಯುವ ಕೆಲಸ ಸುನೋಡಾ ಪಾಲಿಗೆ ಬಂತು. ನೋರಿಸ್ ದಾಟಿಹೋದರು, ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಸುನೋಡಾಗೆ ಐದು ಸೆಕೆಂಡ್ ದಂಡ ಬಿತ್ತು. ವರ್ಸ್ಟಾಪೆನ್ ರೇಸ್ ಗೆದ್ದರೂ ಮೂರನೇ ಸ್ಥಾನ ನೋರಿಸ್‌ಗೆ ಸಾಕಾಯಿತು: 423ಕ್ಕೆ 421, ಎರಡೇ ಅಂಕಗಳಿಂದ ವರ್ಸ್ಟಾಪೆನ್‌ಗೆ ಚಾಲಕರ ಪ್ರಶಸ್ತಿ ಕೈತಪ್ಪಿತು.