ಬೋರ್ಡ್ ಆಮೇಲೆ, ಮೊದಲು ಚೀಟಿ ತೋರಿಸಿ

ಆಸ್ಪತ್ರೆಯವರು ನನ್ನನ್ನು ಕರೆಸಿದಾಗ ಶುರುವಾಗುವುದು ಒಂದೇ ಮಾತಿನಿಂದ. "ಜನ ದಾರಿ ಕೇಳಿ ಕೇಳಿ ತಲೆ ತಿಂತಾರೆ ಸಾರ್, ಇನ್ನೊಂದು ಐವತ್ತು ಬೋರ್ಡ್ ಹಾಕಿಬಿಡಿ." ನಾನು ಅವರ ಓಪಿಡಿ ಚೀಟಿ ತರಿಸಿ ಎನ್ನುತ್ತೇನೆ. ಬೋರ್ಡ್ ಮಾಡುವವನಿಗೆ ಚೀಟಿ ಯಾಕೆ ಎಂದು ಮುಖ ಮುಖ ನೋಡುತ್ತಾರೆ.

ರೋಗಿಯ ಕೈಯಲ್ಲಿ ಇರುವುದು ಆ ಚೀಟಿಯೇ ಅಲ್ವಾ? ಅದರಲ್ಲಿ ಡಾಕ್ಟರು 'ಯುಎಸ್‌ಜಿ' ಎಂದು ಗೀಚಿರುತ್ತಾರೆ. ಸಿಸ್ಟರ್ "ಹೋಗಿ ಸ್ಕ್ಯಾನಿಂಗ್ ಮಾಡಿಸ್ಕೊಂಡು ಬನ್ನಿ" ಎನ್ನುತ್ತಾರೆ. ಸೆಕ್ಯೂರಿಟಿಯವರು "ಇಪ್ಪತ್ತೆರಡನೇ ನಂಬರ್ ರೂಮು" ಎಂದು ಕೈ ತೋರಿಸುತ್ತಾರೆ. ಬಾಗಿಲ ಮೇಲೆ 'ವಿಕಿರಣ ರೋಗನಿರ್ಣಯ ವಿಭಾಗ' ಎಂದಿರುತ್ತದೆ. ಜಾಗ ಒಂದು, ಹೆಸರು ನಾಲ್ಕು. ಹೊಟ್ಟೆ ಹಿಡಿದುಕೊಂಡು ಬಂದ ಹೆಂಗಸಿಗೆ ಈ ನಾಲ್ಕೂ ಒಂದೇ ಎಂದು ಹೇಗೆ ಗೊತ್ತಾಗಬೇಕು? ಇನ್ನೂ ಐವತ್ತು ಬೋರ್ಡ್ ಹಾಕಿದರೆ ಐವತ್ತು ಕಡೆ ಅದೇ ಗೊಂದಲ, ಅಷ್ಟೆ.

ಒಂದು ಕಡೆಯಂತೂ ಜನ ಸ್ಕ್ಯಾನಿಂಗ್ ರೂಮು ಹುಡುಕುತ್ತಿದ್ದುದು 'ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಬೋರ್ಡ್ ನೋಡಿಕೊಂಡು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಆ ಬೋರ್ಡ್ ಜನರ ಭಾಷೆಯಲ್ಲಿ ಇರಲೇಬೇಕು. ಹಾಗಾಗಿ ಇಡೀ ಮಹಡಿಯಲ್ಲಿ ಅರ್ಥವಾಗುವ ಕನ್ನಡ ಇದ್ದದ್ದು ಅದೊಂದರಲ್ಲೇ.

ಕನ್ನಡದ ವಿಷಯಕ್ಕೆ ಬಂದೆ, ಹೇಳಿಯೇಬಿಡುತ್ತೇನೆ. 2024ರಲ್ಲಿ ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಆದಮೇಲೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆಸ್ಪತ್ರೆಗಳೂ ಇದಕ್ಕೆ ಸೇರಿವೆ. ನನಗೆ ಖುಷಿಯೇ. ಆದರೆ ಕನ್ನಡಕ್ಕೆ ಎಷ್ಟು ಜಾಗ ಬಿಡಬೇಕು ಎಂದು ಕಾಯ್ದೆ ಹೇಳಬಹುದು, ಆ ಜಾಗದಲ್ಲಿ ಎಂಥ ಕನ್ನಡ ಬರೆಯಬೇಕು ಎನ್ನುವುದು ನಮ್ಮ ತಲೆಗೇ ಬಿಟ್ಟದ್ದು. ಒಬ್ಬರು ನಿಘಂಟು ತೆಗೆಯುತ್ತಾರೆ. ಇನ್ನೊಬ್ಬರು ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರಕ್ಕೆ ಇಳಿಸುತ್ತಾರೆ.

ಹಾಗೆ ಇಳಿಸಿದ್ದರ ಫಲ ನಾನೇ ಕಂಡಿದ್ದೇನೆ. ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆ. ಅಕ್ಕಪಕ್ಕ ಎರಡು ಬಾಗಿಲು, 'ಯೂರಾಲಜಿ' ಮತ್ತು 'ನ್ಯೂರಾಲಜಿ'. ಹತ್ತು ಹೆಜ್ಜೆ ದೂರ ನಿಂತು ಓದಿ ನೋಡಿ. ಕಿಡ್ನಿಯಲ್ಲಿ ಕಲ್ಲು ಇದ್ದ ಯಜಮಾನರೊಬ್ಬರು ನರದ ಡಾಕ್ಟರ ಸಾಲಿನಲ್ಲಿ ಒಂದೂವರೆ ಗಂಟೆ ಕೂತಿದ್ದರು. ಪಕ್ಕದಲ್ಲಿ ಕೂತಿದ್ದ ನನಗೆ ಬೆಲ್ಲ ಮಾರುವ ಕಷ್ಟವನ್ನೆಲ್ಲ ಹೇಳಿಕೊಂಡರು. ಟೋಕನ್ ಕೂಗಿದಾಗಲೇ ಗೊತ್ತಾಗಿದ್ದು, ಅವರದ್ದು ಆ ಕಡೆ ಬಾಗಿಲು ಎಂದು. ಬೈಯಲೂ ಇಲ್ಲ ಪಾಪ. "ನಂಗೇ ಓದೋಕೆ ಬರಲ್ಲ ಬಿಡಿ" ಎಂದು ಎದ್ದು ಹೋದರು. ಅವರ ಜೇಬಿನಲ್ಲಿ ಅವತ್ತಿನ ಕನ್ನಡ ಪೇಪರ್ ಇತ್ತು!

'ಮೂತ್ರ, ಕಿಡ್ನಿ ಕಲ್ಲು' ಎಂದು ಬರೆಯೋಣ ಎಂದೆ. ಡಾಕ್ಟರಿಗೆ ಇಷ್ಟವಾಗಲಿಲ್ಲ. ಅಷ್ಟೆಲ್ಲ ಓದಿದವರಿಗೆ ಬಾಗಿಲ ಮೇಲೆ ಮೂತ್ರ ಎಂದು ಬರೆಸಿಕೊಳ್ಳಲು ಬೇಸರ ಆಗುತ್ತದೆ, ಒಪ್ಪುತ್ತೇನೆ. ಅವರ ವಿಭಾಗದ ಹೆಸರನ್ನು ಕೆಳಗೆ ಸಣ್ಣದಾಗಿ ಹಾಕುತ್ತೇವೆ. 'ಕಿವಿ ಮೂಗು ಗಂಟಲು' ಎಂದು ಬರೆಸಿಕೊಂಡ ಡಾಕ್ಟರುಗಳ ಮರ್ಯಾದೆ ಯಾವತ್ತಾದರೂ ಕಡಿಮೆ ಆಗಿದೆಯಾ? ಆದರೆ ಇಲ್ಲಿ ಎಚ್ಚರವೂ ಬೇಕು. ಸುಮ್ನೆ 'ಕಿಡ್ನಿ' ಎಂದರೆ ಡಯಾಲಿಸಿಸ್‌ನವರೂ ಕಲ್ಲಿನವರೂ ಒಂದೇ ಬಾಗಿಲಿಗೆ ಬರುತ್ತಾರೆ. ಆಡುಮಾತಿನ ಹೆಸರನ್ನು ಆಯಾ ಡಾಕ್ಟರು ನೋಡಿ ಒಪ್ಪದೆ ನಾನು ಅಚ್ಚಿಗೆ ಕೊಡುವುದಿಲ್ಲ.

ಸರಿಯಾದ ಹೆಸರು ಎಲ್ಲಿ ಸಿಗುತ್ತದೆ? ಸೆಕ್ಯೂರಿಟಿಯವರ ಪಕ್ಕದಲ್ಲಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಅಲ್ಲಿ ನಿಂತು ಜನ ಕೇಳುವುದನ್ನು ಕೇಳಿದ ಹಾಗೇ ಬರೆದುಕೊಳ್ಳುತ್ತೇನೆ. ಮೂಳೆ ಡಾಕ್ಟರು. ರಕ್ತ ಕೊಡೋ ಜಾಗ. ಇದರಲ್ಲೂ ಒಂದು ಪಾಠ ಇದೆ: ಹಾಗೆ ಕೇಳಿದವರು ಬಂದಿದ್ದು ಪರೀಕ್ಷೆಗೆ, ರಕ್ತನಿಧಿಗೆ ಅಲ್ಲ. ಗೋಡೆಗೆ ಟೇಪ್ ಹಾಕಿ ಅಂಟಿಸಿದ ಕಾಗದಗಳ ಫೋಟೋ ತೆಗೆಯುತ್ತೇನೆ. 'ಇದು ಮೆಡಿಕಲ್ ಶಾಪ್ ಅಲ್ಲ', 'ಇಲ್ಲಿ ಬಿಲ್ ಕಟ್ಟುವುದಿಲ್ಲ, ಕೆಳಗೆ ಹೋಗಿ'. ಅಂದ ಕೆಡುತ್ತದೆ ಎಂದು ಆಡಳಿತದವರು ಮೊದಲು ಕೀಳುವುದು ಇವನ್ನೇ. ಕೀಳಬೇಡಿ ಮಾರಾಯ್ರೇ, ನನಗೆ ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ.

ಹೆಸರು ಗಟ್ಟಿಯಾದ ಮೇಲೆ ಪ್ರತಿ ಬಾಗಿಲಿಗೆ ಒಂದು ನಂಬರ್. ಆ ನಂಬರ್ ಚೀಟಿಯಲ್ಲೂ ಅಚ್ಚಾಗಬೇಕು. ಮಂಗಳೂರಿಗೆ ಕಾಸರಗೋಡಿನಿಂದ ಬರುವವರಿಗೆ, ಬಳ್ಳಾರಿಯ ತೆಲುಗಿನವರಿಗೆ, ಓದಲು ಬಾರದವರಿಗೆ ಕೈ ಹಿಡಿಯುವುದು ನಂಬರೇ. ಚೀಟಿಯಲ್ಲಿ 22 ಎಂದಿದ್ದು ಬಾಗಿಲಲ್ಲಿ ೨೨ ಎಂದಿದ್ದರೆ ಕೆಲಸ ಕೆಟ್ಟಿತು. ಕನ್ನಡ ಅಂಕಿ ನನಗೂ ಇಷ್ಟ. ಹಾಕುವುದಾದರೆ ಎರಡೂ ಕಡೆ ಹಾಕಿ, ಜೊತೆಗೆ 22 ಕೂಡ ಇರಲಿ.

ಬಾಣ, ಬಣ್ಣ, ಅಕ್ಷರದ ಅಳತೆ ಎಲ್ಲ ಆಮೇಲಿನ ಕೆಲಸ. ಇಂಗ್ಲಿಷಿನ ಅಳತೆಗೆ ಮಾಡಿದ ಬೋರ್ಡಿನಲ್ಲೇ ಕನ್ನಡ ತುರುಕಿದರೆ ಒತ್ತಕ್ಷರ ಹಿಸುಕಿಹೋಗುತ್ತದೆ ಎಂಬುದಷ್ಟು ನೆನಪಿರಲಿ. ನೆಲದ ಮೇಲೆ ಬಣ್ಣದ ಗೆರೆ ಎಳೆಸಿ ಎನ್ನುತ್ತಾರೆ. ಎರಡು ಮೂರು ಇದ್ದರೆ ಸರಿ, ಎಂಟು ಆದರೆ ಅದು ರಂಗೋಲಿ.

ಚೀಟಿ ಬದಲಾಯಿಸಲು ಸಾಫ್ಟ್‌ವೇರ್ ಮುಟ್ಟಬೇಕು, ಖರ್ಚು ಜಾಸ್ತಿ ಎಂದು ಒಬ್ಬ ಮ್ಯಾನೇಜರ್ ರಾಗ ಎಳೆದರು. ಅವರಿಗೆ ಅಮೆರಿಕದ 604 ಹಾಸಿಗೆಯ ಆಸ್ಪತ್ರೆಯೊಂದರ ಲೆಕ್ಕ ಹೇಳಿದೆ. 1990ರಲ್ಲಿ ಪ್ರಕಟವಾದ ಅಧ್ಯಯನ ಅದು. ದಾರಿ ಹೇಳುವುದು ಯಾರ ಕೆಲಸವಲ್ಲವೋ ಅಂಥ ಸಿಬ್ಬಂದಿಯ 4,500 ಗಂಟೆಗೂ ಹೆಚ್ಚು ಸಮಯ ವರ್ಷಕ್ಕೆ ದಾರಿ ಹೇಳುವುದರಲ್ಲೇ ಹೋಗುತ್ತಿತ್ತು. ನಮ್ಮಲ್ಲಿ ಎಷ್ಟಿದೆಯೋ ನೀವೇ ಒಂದು ವಾರ ಎಣಿಸಿ ಎಂದೆ. ಎಣಿಸಿದರೋ ಇಲ್ಲವೋ, ಚೀಟಿ ಮಾತ್ರ ಬದಲಾಯಿತು.

ಬೋರ್ಡ್ ಹಾಕಿ ಎರಡು ತಿಂಗಳಾದ ಮೇಲೆ ಅಲ್ಲಿಗೆ ಹೋಗಿದ್ದೆ. ಸೆಕ್ಯೂರಿಟಿಯವರು ನಕ್ಕು, "ಈಗ ಏನೂ ಕೇಳಲ್ಲ ಸಾರ್, ಟಾಯ್ಲೆಟ್ ಒಂದೇ ಕೇಳ್ತಾರೆ" ಎಂದರು. ಹೋಗಿ ನೋಡಿದೆ. ಬೋರ್ಡನ್ನು ಬಾಗಿಲಿಗೇ ಹೊಡೆಸಿದ್ದೆ. ಬಾಗಿಲು ಬೆಳಗಿನಿಂದ ಸಂಜೆಯವರೆಗೆ ಇಟ್ಟಿಗೆ ಒತ್ತು ಕೊಟ್ಟು ಒಳಕ್ಕೆ ತೆರೆದೇ ಇರುತ್ತದಂತೆ.