ಇಲಿ ತಿರುಗಿಸಿದ ಚಕ್ರ, ಗೋಡೆಗೆ ಅಂಟಿಸಿದ ಗುರಿ

ಕಳೆದ ವರ್ಷ ದ್ವಿತೀಯ ಪಿಯುಸಿಗೆ ಬಂದ ನನ್ನ ಅಕ್ಕನ ಮಗಳು ಕೋಣೆಯ ಗೋಡೆಗೆ ಅಂಟಿಸಿಕೊಂಡ ವೇಳಾಪಟ್ಟಿಯಲ್ಲಿ ಬೆಳಗಿನ 4ರಿಂದ ರಾತ್ರಿ 11ರವರೆಗೆ ಬಣ್ಣಬಣ್ಣದ ಸ್ಕೆಚ್ ಪೆನ್ನಿನ ಚೌಕಗಳಿದ್ದವು. ಊಟಕ್ಕೆ 15 ನಿಮಿಷ, ಸ್ನಾನಕ್ಕೆ 10. ಮೇಲ್ಗಡೆ ಕೆಂಪಕ್ಷರದಲ್ಲಿ ‘ನೀಟ್ 680’ ಎಂದು ಬರೆದಿತ್ತು. ಚೌಕಗಳ ಒಳಗಿನ ಟಿಕ್ ಗುರುತುಗಳು ನಾಲ್ಕನೆಯ ದಿನಕ್ಕೇ ನಿಂತುಹೋದವು. ದೀಪಾವಳಿಯ ಹೊತ್ತಿಗೆ ಹುಡುಗಿಗೆ ನಿದ್ದೆಯಿಲ್ಲ, ಹೊಟ್ಟೆನೋವು ಬೇರೆ. ಮನೆಯವರು ದೃಷ್ಟಿ ತೆಗೆದರು. ಗುರಿಯನ್ನು ದಿನಕ್ಕೆ 55 ಸಲ ಬರೆದರೆ ‘ವಿಶ್ವಶಕ್ತಿ’ಯೇ ಅದನ್ನು ಈಡೇರಿಸುತ್ತದೆ ಎಂದು ಪರಿಚಯದವರೊಬ್ಬರು ಹೇಳಿಕೊಟ್ಟರು. ಗೋಡೆಯ ಮೇಲಿದ್ದ ಆ ಹಾಳೆಯ ಬಗ್ಗೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಗುರಿ ದೊಡ್ಡದಾದಷ್ಟೂ ಒತ್ತಡ ಹೆಚ್ಚು, ಆದ್ದರಿಂದ ಆಸೆಯನ್ನು ತಗ್ಗಿಸಿಕೊಂಡರೆ ನೆಮ್ಮದಿ ಎನ್ನುವವರೂ, ಇನ್ನಷ್ಟು ಕಷ್ಟಪಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರೂ ಒಂದೇ ತಪ್ಪು ಮಾಡುತ್ತಾರೆ. ಅದೇನೆಂಬುದನ್ನು 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇ ವೈಸ್ ಇಲಿಗಳಲ್ಲಿ ತೋರಿಸಿದ್ದರು. ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಮೂರು ಇಲಿಗಳು, ಪ್ರತಿಯೊಂದರ ಮುಂದೆಯೂ ಒಂದು ಚಕ್ರ. ಮೊದಲೆರಡರ ಬಾಲಕ್ಕೆ ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ವಿದ್ಯುತ್ ಆಘಾತ ತಗಲುತ್ತದೆ. ಮೊದಲನೆಯದು ಚಕ್ರ ತಿರುಗಿಸಿದರೆ ಎರಡಕ್ಕೂ ಆಘಾತ ನಿಲ್ಲುತ್ತದೆ, ಎರಡನೆಯದು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಮೂರನೆಯದಕ್ಕೆ ಆಘಾತವೇ ಇಲ್ಲ. ಅನುಭವಿಸಿದ ನೋವು ಸರಿಸಮವಾಗಿದ್ದರೂ ಎರಡನೆಯ ಇಲಿಯ ಜಠರದಲ್ಲಿ ಹುಣ್ಣುಗಳು ಬಹಳ ಹೆಚ್ಚು. (ಮನುಷ್ಯರ ಜಠರದ ಹುಣ್ಣಿಗೆ ಬಹುಮಟ್ಟಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಕಾರಣವೆಂದು ತೋರಿಸಿದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂದಿದೆ, ಇಲ್ಲಿ ಇಲಿಯ ಹುಣ್ಣನ್ನು ಒತ್ತಡದ ಅಳತೆಗೋಲೆಂದಷ್ಟೇ ನೋಡಬೇಕು.)

ನನ್ನನ್ನು ಬೆರಗುಗೊಳಿಸಿದ್ದು ಮುಂದಿನ ಭಾಗ. ಅಸಹಾಯಕ ಇಲಿಗಳಲ್ಲಿ ಹೆಚ್ಚು ಸಲ ಚಕ್ರ ತಿರುಗಿಸಿದ್ದಕ್ಕೇ ಹೆಚ್ಚು ಹುಣ್ಣು! ಆದರೆ ಹತೋಟಿ ಇದ್ದ ಇಲಿಗೆ, ಚಕ್ರ ಸರಿಯಾಗಿ ತಿರುಗಿದ ಕೂಡಲೇ ಒಂದು ಸದ್ದು ಕೇಳಿಸುವಂತೆ ಮಾಡಿದಾಗ ಹುಣ್ಣುಗಳು ಇನ್ನಷ್ಟು ಇಳಿದವು. ಹಾಗಾದರೆ ಒತ್ತಡವನ್ನು ನಿರ್ಧರಿಸುವ ಸಂಗತಿಗಳು ಎರಡು: ಎಷ್ಟು ಸಲ ಪ್ರಯತ್ನಿಸಿದೆವು, ಮತ್ತು ಮಾಡಿದ್ದು ಫಲಿಸಿತು ಎಂಬ ಸುದ್ದಿ, ಅಂದರೆ ಹಿಮ್ಮಾಹಿತಿ, ಎಷ್ಟು ಬಂತು. ಪ್ರಯತ್ನ ಏರುತ್ತಾ ಹೋಗಿ ಹಿಮ್ಮಾಹಿತಿ ಬತ್ತಿದರೆ ದೇಹ ಕೆಡುತ್ತದೆ. ಆಸೆ ತಗ್ಗಿಸು ಎನ್ನುವವರೂ ಇನ್ನಷ್ಟು ಕಷ್ಟಪಡು ಎನ್ನುವವರೂ ಮರೆಯುವುದು ಈ ಹಿಮ್ಮಾಹಿತಿಯನ್ನೇ. ರಾತ್ರಿ ಬಾವಿಗೆ ಕೊಡ ಇಳಿಸುವವಳಿಗೆ ನೀರು ಕಾಣುವುದಿಲ್ಲ. ‘ಗುಳುಂ’ ಎಂಬ ಸದ್ದು, ಆಮೇಲೆ ಹಗ್ಗಕ್ಕೆ ಬರುವ ಭಾರ, ಇವೇ ಅವಳಿಗೆ ಸಿಗುವ ಸುದ್ದಿ. ಒಗ್ಗರಣೆಗೆ ಹಾಕಿದ ಸಾಸಿವೆ ಚಟಪಟ ಎಂದಾಗಲೇ ಎಣ್ಣೆ ಕಾದದ್ದು ಗೊತ್ತಾಗುತ್ತದೆ. ರಾತ್ರಿ ಬಸ್ಸಿನಲ್ಲಿ ಕಿಲೋಮೀಟರು ಕಲ್ಲುಗಳು ಕಾಣದಂತೆ ಪರದೆ ಎಳೆದುಬಿಟ್ಟರೆ ಅದೇ ಹಾದಿ ಎರಡರಷ್ಟು ಉದ್ದವಾಗುತ್ತದೆ. ‘ನೀಟ್ 680’ ಎಂಬುದು ಹನ್ನೊಂದು ತಿಂಗಳು ಸದ್ದೇ ಮಾಡದ ಬಾವಿ. ಅಷ್ಟೂ ದಿನ ಹುಡುಗಿ ಹಗ್ಗ ಬಿಡುತ್ತಲೇ ಇರಬೇಕು.

ಮಿದುಳಿನ ಒಳಗೂ ಇದೇ ಲೆಕ್ಕಾಚಾರ ನಡೆಯುತ್ತದೆ. 1967ರಲ್ಲಿ ನಾಯಿಗಳ ಮೇಲಿನ ಪ್ರಯೋಗದಿಂದ ‘ಕಲಿತ ಅಸಹಾಯಕತೆ’ಯ (ಏನು ಮಾಡಿದರೂ ಫಲವಿಲ್ಲವೆಂದು ಕಲಿತು ಕೈಚೆಲ್ಲುವುದು) ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್, ಸುಮಾರು ಅರ್ಧ ಶತಮಾನದ ಬಳಿಕ, 2016ರಲ್ಲಿ, ತಮ್ಮದೇ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ದೀರ್ಘ ಕಷ್ಟದೆದುರು ಕೈಚೆಲ್ಲುವುದು ಕಲಿತದ್ದಲ್ಲ, ಅದು ಮಿದುಳಿನ ಮೂಲ ಸ್ಥಿತಿ, ಕಲಿಯಬೇಕಾದದ್ದು ಹತೋಟಿಯನ್ನು. ‘ನಾನು ಮಾಡಿದ್ದರಿಂದ ಏನೋ ಬದಲಾಯಿತು’ ಎಂಬುದನ್ನು ಹಣೆಯ ಹಿಂದಿನ ಮುಂಮಿದುಳಿನ ಒಂದು ಭಾಗ ಗುರುತಿಸಿದಾಗ, ಅದು ಮಿದುಳುಕಾಂಡದಲ್ಲಿ ಮೊಳಗುತ್ತಿರುವ ಗಾಬರಿಯ ಗಂಟೆಯನ್ನು ಅದುಮುತ್ತದೆ. 55 ಸಲ ಬರೆಯುವುದರಿಂದ ಈ ಸುದ್ದಿ ಹುಟ್ಟುವುದಿಲ್ಲ. ಗೆದ್ದೇಬಿಟ್ಟಂತೆ ಕಲ್ಪಿಸಿಕೊಂಡವರಲ್ಲಿ ಹುರುಪು ಏರುವ ಬದಲು ಇಳಿದದ್ದನ್ನು, ಹುರುಪಿನ ಅಳತೆಯಾಗಿ ನೋಡಿದ ರಕ್ತದೊತ್ತಡ ಕೂಡ ತಗ್ಗಿದ್ದನ್ನು, ಮನೋವಿಜ್ಞಾನಿಗಳಾದ ಕಾಪೆಸ್ ಮತ್ತು ಓಟಿಂಗೆನ್ 2011ರಲ್ಲಿ ವರದಿ ಮಾಡಿದ್ದಾರೆ.

ವಾಸ್ತವಿಕ ಗುರಿಯೆಂದರೆ ಸುಲಭದ ಗುರಿಯಲ್ಲ. ‘ಕೈಲಾದಷ್ಟು ಮಾಡು’ ಎಂದಾಗ ಆಗುವ ಕೆಲಸಕ್ಕಿಂತ ನಿರ್ದಿಷ್ಟವೂ ಕಠಿಣವೂ ಆದ ಗುರಿ ಕೊಟ್ಟಾಗ ಆಗುವ ಕೆಲಸವೇ ಹೆಚ್ಚು ಎಂಬುದನ್ನು ಮನೋವಿಜ್ಞಾನಿಗಳಾದ ಲಾಕ್ ಮತ್ತು ಲೇಥಮ್ ದಶಕಗಳ ಅಧ್ಯಯನದಿಂದ ತೋರಿಸಿದ್ದಾರೆ, ಸಾಮರ್ಥ್ಯವೂ ಹಿಮ್ಮಾಹಿತಿಯೂ ಇದ್ದರೆ. ತೊಡಕಿರುವುದು ನಮ್ಮ ಅಂದಾಜಿನಲ್ಲಿ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 33.9 ದಿನಗಳಲ್ಲಿ ಮುಗಿಯುತ್ತದೆಂದರು, ಮುಗಿದದ್ದು 55.5 ದಿನಗಳಲ್ಲಿ. ಆಸೆಯನ್ನು ಕೇಳಿ ಗುರಿ ಹಾಕಿಕೊಳ್ಳುವ ಬದಲು ಕಳೆದ ವಾರ ನಿಜವಾಗಿ ಎಷ್ಟು ಮಾಡಿದೆವು ಎಂದು ಎಣಿಸಿ ಹಾಕಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಆಸೆಗೆ ಕಡಿವಾಣವೆಂದೇ ಓದುತ್ತೇವೆ, ಹಾಸಿಗೆಯನ್ನು ಮೊದಲು ಅಳೆ ಎಂಬ ಅರ್ಧವನ್ನು ಮರೆಯುತ್ತೇವೆ.

ಹುಡುಗಿ ಒಂದು ವಾರ ಏನೂ ಬದಲಿಸದೆ ಬರೀ ಎಣಿಸಿದಳು. ದಿನಕ್ಕೆ ಸರಾಸರಿ ಏಳು ಭೌತಶಾಸ್ತ್ರದ ಲೆಕ್ಕಗಳು ಬಂದವು. ಈಗ ಗೋಡೆಯ ಮೇಲೆ ಪೋಸ್ಟ್‌ಕಾರ್ಡ್ ಗಾತ್ರದ ಚೀಟಿಯಿದೆ: ‘ಸಂಜೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಎಂಟು ಲೆಕ್ಕ, ಒಂದೊಂದಕ್ಕೂ ಉತ್ತರ ತಾಳೆ.’ ಕೆಂಪಕ್ಷರದ ಹಾಳೆಯನ್ನು ಅವಳು ಹರಿದಿಲ್ಲ. ಮಡಚಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದಾಳೆ.